ಕುಂದಣಾವತಿಯ ಎರಡು ಕಾರುಗಳು

"ಕುಂದಣಾವತಿಯ ಪ್ರಜೆಗಳೇ, ಕೇಳಿರಿ! ರಾಜಕುಮಾರಿ ಹೊನ್ನಲದೇವಿಯವರ ಮೂರು ಒಗಟುಗಳನ್ನು ಬಿಡಿಸಿದವನಿಗೆ ಅವರನ್ನು ಕೊಟ್ಟು ಮದುವೆ ಮಾಡಲಾಗುವುದು, ಅರ್ಧ ರಾಜ್ಯವೂ ಸಲ್ಲುವುದು. ಒಂದು ತಪ್ಪಿದರೂ ಮೂರನೆಯ ದಿನ ತಲೆ ಹೋಗುವುದು!"

ಡಂಗುರದವನು ಬೀದಿಗೆ ಬಂದಾಗ ಈರೋಜ ತನ್ನ ಪಂಚರ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ಗುಳ್ಳೆ ಹುಡುಕುತ್ತಿದ್ದ. ಆರು ತಿಂಗಳಿನಿಂದ ಕೇಳುತ್ತಿದ್ದ ಡಂಗುರ ಅದು. ಇಷ್ಟರಲ್ಲಿ ಒಂಬತ್ತು ಜನರ ತಲೆ ಹೋಗಿತ್ತು. ಹತ್ತನೆಯವನು ಅವನ ಅಣ್ಣ ಮಾಚೋಜ. ಅರ್ಧ ರಾಜ್ಯದ ಆಸೆಗೆ ಹೋಗಿ ನಿನ್ನೆ ಸೋತು ಸೆರೆಯಲ್ಲಿ ಕುಳಿತಿದ್ದ.

ಈರೋಜ ಸೋಪು ಹಾಕಿ ಕೈ ತೊಳೆದ. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತಳು.

"ಒಬ್ಬರು ಹೋದದ್ದು ಸಾಲದೇನೋ ಈರಾ? ನೀನೂ ರಾಜಕುಮಾರಿಯ ಕೈ ಹಿಡಿಯೋಕೆ ಹೊರಟೆಯಾ?"

"ಗೆದ್ದರೆ ಅಣ್ಣನನ್ನು ಬಿಡಿಸಿಕೊಳ್ಳಬಹುದು, ಅತ್ತಿಗೆ. ಬೇರೆ ಯಾರು ಕೇಳಿದರೂ ಬಿಡುವುದಿಲ್ಲ."

ಅವಳು ಪಕ್ಕಕ್ಕೆ ಸರಿದಳು.

ಅರಮನೆಯ ಸಭೆಯಲ್ಲಿ ಎರಡು ಕಾರುಗಳು ನಿಂತಿದ್ದವು. ಒಂದು ಹಳದಿ, ರಾಜಕುಮಾರಿಯ ತಂದೆ ಮಲ್ಲರಸರು ಒಂದು ಕೋಟೆಯನ್ನೇ ಮಾರಿ ಪರದೇಶದಿಂದ ತರಿಸಿದ್ದು. ಅದರ ಮೂತಿ ಈಗ ಜಜ್ಜಿಹೋಗಿತ್ತು. ಇನ್ನೊಂದು ಕೆಂಪು, ಊರಿನ ಪಟೇಲನೂ ಕೊಳ್ಳಬಹುದಾದ ಪುಟ್ಟ ಸ್ಪೋರ್ಟ್ಸ್ ಕಾರು. ಕಳೆದ ದಸರಾ ದಿನ ಯುವರಾಜ ಕೇಸರಿದೇವ ಹಳದಿ ಕಾರಿನಲ್ಲಿ ಹೋಗಿ ಕೆರೆಕೋಡಿಯ ತಿರುವಿನಲ್ಲಿ ಸತ್ತ. ಅಂದಿನಿಂದ ಅರಸರು ಕೋಣೆ ಬಿಟ್ಟು ಬರಲಿಲ್ಲ. ಅಕ್ಕ ಹೊನ್ನಲದೇವಿಯೇ ಬಿಳಿ ಸೀರೆಯುಟ್ಟು ಸಿಂಹಾಸನದ ಮೇಲೆ ಕೂರುತ್ತಿದ್ದಳು.

ಆ ದಿನ ಬಂದವರು ಮೂವರು: ನೆರೆರಾಜ್ಯದ ರಾಜಕುಮಾರ, ರತ್ನದ ವ್ಯಾಪಾರಿ ಪಾಯಣ್ಣ, ಮತ್ತು ಈರೋಜ. ಅವನು ಕುಳಿತೊಡನೆ ಪಾಯಣ್ಣ ಮೂಗು ಮುಚ್ಚಿಕೊಂಡ. ಹಣವಿದ್ದ ಮಾತ್ರಕ್ಕೆ ನಡತೆ ಬರುವುದಿಲ್ಲ.

ಹೊನ್ನಲದೇವಿ ಕೇಳಿದಳು: "ಹಳದಿಯ ವೇಗ ಕೆಂಪಿನ ಎರಡು ಪಟ್ಟು. ಆದರೂ ಅರಮನೆಯ ಬಾಗಿಲಿನಿಂದ ಹೊಳೆದಂಡೆಗೆ ಎರಡನ್ನೂ ಬಿಟ್ಟರೆ ಒಟ್ಟಿಗೇ ತಲುಪುತ್ತವೆ. ಹಗ್ಗವಿಲ್ಲದೆ ಹಳದಿಯನ್ನು ಹಿಡಿದೆಳೆಯುವವರು ಯಾರು?"

"ದೈವ," ಎಂದ ರಾಜಕುಮಾರ ಎದೆಯುಬ್ಬಿಸಿ.

ಕಾವಲುಗಾರರು ಅವನ ಎರಡೂ ತೋಳು ಹಿಡಿದರು. ಬಾಗಿಲು ದಾಟುವವರೆಗೂ ಅವನು ತನ್ನ ತಂದೆಯ ಹೆಸರು ಹೇಳುತ್ತಲೇ ಇದ್ದ.

ಪಾಯಣ್ಣ ಬೆವರು ಒರೆಸಿಕೊಂಡ. "ಮೊದಲು ಈ ಹುಡುಗ ಹೇಳಲಿ."

"ನಮ್ಮೂರ ರಸ್ತೆ, ತಾಯಿ," ಎಂದ ಈರೋಜ. "ಹಳದಿ ಕಾರಿನ ಹೊಟ್ಟೆಗೂ ನೆಲಕ್ಕೂ ನಾಲ್ಕು ಬೆರಳು ಅಂತರ. ಅದು ಒಂದು ಗುಂಡಿ ಇಳಿದು ಹತ್ತಿ, ಎಮ್ಮೆಗಳಿಗೆ ದಾರಿ ಬಿಡುವಷ್ಟರಲ್ಲಿ ಕೆಂಪು ಪಕ್ಕಕ್ಕೇ ಬಂದಿರುತ್ತದೆ."

"ನಾನೂ ಅದನ್ನೇ ಅನ್ನಬೇಕೆಂದಿದ್ದೆ!" ಎಂದ ಪಾಯಣ್ಣ.

"ಹಾಗಾದರೆ ಮುಂದಿನದನ್ನು ನೀವೇ ಮೊದಲು ಹೇಳಿ, ಸಾಹುಕಾರರೇ," ಎಂದಳು ಹೊನ್ನಲದೇವಿ. " ಹೊಸದಾಗಿ ಬಂದ ಎರಡಕ್ಕೂ ಆಯುಧಪೂಜೆ ಮಾಡಿ ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟೆವು. ಕೆಂಪು ಕಾರು ಹಣ್ಣು ಹಿಸುಕಿ ಹೊರಟುಹೋಯಿತು. ಗೀರು ಬಿದ್ದೀತೆಂದು ಹಳದಿಯನ್ನು ಅಪ್ಪಾಜಿ ಮುಟ್ಟಗೊಡಲಿಲ್ಲ. ಮುಂದಿನ ದಸರೆಯವರೆಗೂ ಹಣ್ಣುಗಳು ಅದರ ಮುಂದೆಯೇ ಒಣಗಿದವು. ಆದರೂ ಓಡಿದ ಚಕ್ರಕ್ಕಿಂತ ನಿಂತ ಚಕ್ರವೇ ಹೆಚ್ಚು ಕೆಟ್ಟಿತ್ತು. ಅದನ್ನು ತಿಂದದ್ದು ಏನು?"

"ತುಕ್ಕು! ಇನ್ನೇನು?"

ಅವನನ್ನೂ ಕರೆದೊಯ್ದರು. ಅವನ ಒಂದು ಚಪ್ಪಲಿ ಸಭೆಯಲ್ಲೇ ಉಳಿಯಿತು.

ಈರೋಜ ಎದ್ದು ನಿಂತ. "ಅದರ ಭಾರವೇ, ತಾಯಿ. ಚಕ್ರ ತಿರುಗುತ್ತಿದ್ದರೆ ಭಾರವನ್ನು ಸುತ್ತಲೂ ಹಂಚಿಕೊಳ್ಳುತ್ತದೆ. ವರ್ಷವಿಡೀ ನಿಂತರೆ ಒಂದೇ ಕಡೆ ಚಪ್ಪಟೆಯಾಗುತ್ತದೆ, ರಬ್ಬರು ಗಟ್ಟಿಯಾಗುತ್ತದೆ. ತಿರುವಿನಲ್ಲಿ ನೆಲ ಹಿಡಿಯುವುದಿಲ್ಲ. ಆ ದಿನ ಯಾರಾದರೂ ನನಗೆ ಚಕ್ರ ತೋರಿಸಿದ್ದರೆ ಹೇಳುತ್ತಿದ್ದೆ."

ರಾಜಕುಮಾರಿ ಸಿಂಹಾಸನದಿಂದ ಮುಂದಕ್ಕೆ ಬಾಗಿದಳು. ಮೂರನೆಯ ಒಗಟಿನ ತನಕ ಆವರೆಗೆ ಯಾರೂ ಬಂದಿರಲಿಲ್ಲ.

"ಕೆಂಪು ಕಾರಿನಲ್ಲಿ ನನ್ನ ತಮ್ಮ ನಿತ್ಯ ಹೋಗುತ್ತಿದ್ದ, ತನಗೆ ಬೇಕಾದಷ್ಟೇ ವೇಗವಾಗಿ ಹೋಗಿ ನಗುತ್ತಾ ಬರುತ್ತಿದ್ದ. ಹಳದಿಯಲ್ಲಿ ಹೋದದ್ದು ಒಂದೇ ಸಲ. ಆ ದಿನ ಅವನ ಪಕ್ಕದ ಸೀಟು ಖಾಲಿ. ಆದರೂ ಕಾರು ಓಡಿಸಿದವನು ಅವನಲ್ಲ. ಸ್ಟೀರಿಂಗ್ ಮುಟ್ಟದೆ ಓಡಿಸಿದವರು ಯಾರು?"

ಉತ್ತರ ಈರೋಜನಿಗೆ ಕೂಡಲೇ ತಿಳಿಯಿತು. ತಿಳಿಯದಿದ್ದರೇ ಚೆನ್ನಾಗಿತ್ತು ಎನಿಸಿತು. ಆ ದಿನ ಅವನೂ ಮಾಚೋಜನೂ ಅಂಗಡಿಯ ಬೆಂಚಿನ ಮೇಲೆ ಹತ್ತಿ ನಿಂತಿದ್ದರು. ಅಂಥ ಕಾರನ್ನು ಊರು ಕಂಡಿರಲಿಲ್ಲ. ಕೆಂಪು ಕಾರು ಹೋದರೆ ಯಾರೂ ತಲೆ ಎತ್ತುತ್ತಿರಲಿಲ್ಲ. ಯುವರಾಜ ಸತ್ತ ಮೇಲೆ ಅರಮನೆಯವರು ಬಂದು, ಬೀದಿಯಲ್ಲಿ ಕೂಗಿದವರು ಯಾರೆಂದು ವಿಚಾರಿಸಿದಾಗ ಇಡೀ ಬೀದಿ ನಾವಲ್ಲ ಎಂದಿತ್ತು.

"ನೋಡಲು ನಿಂತವರು, ತಾಯಿ."

"ನಿನಗೆ ಹೇಗೆ ಗೊತ್ತು?"

ಸುಳ್ಳು ಹೇಳಬಹುದಿತ್ತು. ಈರೋಜ ತಲೆ ತಗ್ಗಿಸಿದ. "ನಾನೂ ಕೂಗಿದ್ದೆ. 'ಬಿಡಿ ಬುದ್ಧಿ, ಇನ್ನೂ ಜೋರಾಗಿ ಬಿಡಿ' ಅಂತ. ಅವರು ನನ್ನ ಕಡೆ ನೋಡಿ ನಕ್ಕರು. ಆಮೇಲೆ ವೇಗ ಹೆಚ್ಚಿತು."

ಕಾವಲುಗಾರ ಕತ್ತಿಗೆ ಕೈ ಹಾಕಿದ. ಹೊನ್ನಲದೇವಿ ಬೇಡವೆಂದು ತಲೆಯಾಡಿಸಿದಳು.

"ನಾನು ಉಪ್ಪರಿಗೆಯಿಂದ ಸೆರಗು ಬೀಸಿದ್ದೆ," ಎಂದಳು. "ಅವನು ಮೊದಲು ನೋಡಿದ್ದು ನನ್ನನ್ನೇ. ಓಡಿಸಿದ್ದು ನೋಡಿದವರೇ ಎಂದು ಒಬ್ಬರಾದರೂ ನನ್ನ ಮುಖಕ್ಕೆ ಹೇಳಲಿ ಅಂತ ಕಾದಿದ್ದೆ. ಬಂದವರೆಲ್ಲ ಅರ್ಧ ರಾಜ್ಯವನ್ನೇ ನೋಡಿದರು."

ಸೆರೆಯಲ್ಲಿದ್ದವರನ್ನೆಲ್ಲ ಬಿಡುವಂತೆ ಅಪ್ಪಣೆಯಾಯಿತು. ಕೊಟ್ಟ ಮಾತಿಗೆ ತಪ್ಪುವ ಮನೆತನ ಅದಲ್ಲ. ತಮ್ಮನ ವರ್ಷಾಂತಿಕ ಕಳೆದ ಮೇಲೆ ಮದುವೆಯೆಂದೂ ಅಂದೇ ಅರ್ಧ ರಾಜ್ಯವನ್ನು ಒಪ್ಪಿಸುವುದೆಂದೂ ಬರೆದು ಮುದ್ರೆ ಒತ್ತಿದರು. ಈರೋಜ ಕೈಮುಗಿದು ನೇರವಾಗಿ ಸೆರೆಮನೆಗೆ ಹೋದ.

ಮಾಚೋಜ ತಮ್ಮನನ್ನು ಬಿಗಿಯಾಗಿ ತಬ್ಬಿಕೊಂಡು ಅತ್ತ. ಅಂಗಳ ದಾಟುವಾಗ ಸ್ವಲ್ಪ ಚೇತರಿಸಿಕೊಂಡು ಕೇಳಿದ: "ನಾನು ಎರಡನೆಯದರಲ್ಲೇ ಬಿದ್ದೆ ಕಣೋ. ಮೂರನೆಯದು ಏನಿತ್ತು? ತುಂಬಾ ಕಷ್ಟವಾ?"

"ನಿನಗೂ ಗೊತ್ತಿದ್ದದ್ದೇ, ಅಣ್ಣ," ಎಂದ ಈರೋಜ. "ನಡಿ, ಅತ್ತಿಗೆ ಕಾಯುತ್ತಿದ್ದಾಳೆ."