ತಾಯಿಹಂದಿ ಮಲಗಿದ್ದ ಹುಲ್ಲು

“ಕೇಳಿರಪ್ಪಾ ಕೇಳಿ! ರಾಜಕುಮಾರಿ ಪದ್ಮಲೆಯ ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಕೊಡಲಾಗುವುದು. ತಪ್ಪಿದವರ ತಲೆ ಹೋಗುವುದು!”

ಡಂಗುರ ಕೇಳಿ ಚಿಕ್ಕೀರ ಕೈಯಲ್ಲಿದ್ದ ನಾಯಿಮರಿಯನ್ನು ಕೆಳಗಿಟ್ಟ. ಅವನು ಅರಮನೆಯ ಬೇಟೆನಾಯಿಗಳನ್ನು ಸಾಕುವವನು. ದಿನವೂ ಮರಿಗಳನ್ನು ನೋಡಲು ಬರುತ್ತಿದ್ದ ಪದ್ಮಲೆ ಈಗ ಹೊಟ್ಟೆಯ ಅರ್ಬುದದ ಗಡ್ಡೆಯಿಂದ ಹಾಸಿಗೆ ಹಿಡಿದಿದ್ದಳು. ವೈದ್ಯರು ಎರಡು ಸಲ ಕೊಯ್ದರು, ಗಡ್ಡೆ ಸುಡುವ ಉರಿಮದ್ದು ಕುಡಿಸಿದರು. ಗಡ್ಡೆ ಹೋದಂತೆ ಮಾಡಿ ಮತ್ತೆ ಬಂತು. ಬಾಯಿಗೆ ಬಂದ ಮದ್ದು ಹೇಳುವವರ ಕಾಟ ತಾಳಲಾರದೆ ಅವಳೇ ಈ ಒಗಟು ಕಟ್ಟಿದ್ದಳು.

ಸಭೆಯಲ್ಲಿ ರಾಜನ ಪಕ್ಕ ಒರಗಿ ಕೂತು ಮೊದಲನೆಯದನ್ನು ಕೇಳಿದಳು: “ಕೊಯ್ದರೂ ಬರುತ್ತೇನೆ, ಸುಟ್ಟರೂ ಬರುತ್ತೇನೆ. ನನ್ನ ಜೀವ ಎಲ್ಲಿದೆ?”

“ಮಾಟದಲ್ಲಿ,” ಎಂದ ಮಂತ್ರವಾದಿ. “ಹಿಂದಿನ ಜನ್ಮದ ಪಾಪದಲ್ಲಿ,” ಎಂದ ಪಕ್ಕದ ಸೀಮೆಯ ರಾಜಕುಮಾರ, ಮೀಸೆ ತಿರುವಿ. ಮೂರೂ ಒಗಟು ಇತ್ಯರ್ಥವಾಗುವವರೆಗೆ ಇಬ್ಬರನ್ನೂ ಸೆರೆಗೆ ತಳ್ಳಿದರು.

ಚಿಕ್ಕೀರ ಮುಂದೆ ಬಂದ. “ಬುದ್ಧೀ, ಹಂದಿ ಹಿಂಡನ್ನೇ ಹೊಡೆದ್ರೂ ಪೊದೆಯಾಗೆ ಮಲಗಿರೋ ತಾಯಿಹಂದಿ ಉಳಕತದೆ. ಮರುವರ್ಷ ಮತ್ತೆ ಅಷ್ಟೇ ಹಿಂಡು. ಗಡ್ಡೆಗೂ ಅಂಥ ತಾಯಿಕಣ ಇರಬೇಕು. ಅದು ಮಲಗಿರ್ತದೆ, ಮದ್ದು ಅದನ್ನ ಮುಟ್ಟಾಕಿಲ್ಲ.”

ಪದ್ಮಲೆ ಹೌದೆಂದು ತಲೆಯಾಡಿಸಿ ಎರಡನೆಯದನ್ನು ಕೇಳಿದಳು: “ಮನೆ ತುಂಬ ಕಾವಲು, ಕಳ್ಳನೂ ಒಳಗೇ. ಯಾಕೆ ಹಿಡಿಯುವುದಿಲ್ಲ?”

“ಕಳ್ಳ ಆ ಮನೇಲೇ ಹುಟ್ಟಿದೋನು, ತಾಯೀ. ವೈದ್ಯರು ಹೇಳ್ತಾರಲ್ಲ, ನೆತ್ತರಾಗೆ ಕಾವಲು ಕಾಯೋ ಬಿಳಿಕಣ, ಅವು ನಮ್ಮೋನೇ ಅಂತ ಬಿಟ್ಬಿಡ್ತವೆ.”

“ಸರಿ. ಮೂರನೆಯದು: ಹಾಗಾದರೆ ಅವನನ್ನು ಹಿಡಿಯುವವರು ಯಾರು? ಇದಕ್ಕೆ ಉತ್ತರ ನನಗೂ ಗೊತ್ತಿಲ್ಲ. ನೀನು ಹೇಳಿದಂತೆ ಮಾಡಿ ನಾನು ಬದುಕಿದರೆ ಅದೇ ಸರಿಯುತ್ತರ.”

ಚಿಕ್ಕೀರ ಹೇಳಿದ: “ಅದೇ ಕಾವಲಿನೋರು, ತಾಯೀ. ನಾವು ತಾಯಿಹಂದಿ ಮಲಗಿದ್ದ ಹುಲ್ಲು ತಂದು ನಾಯಿಗಳಿಗೆ ಮೂಸಿಸ್ತೀವಿ. ಆಮೇಲೆ ಯಾವ ಪೊದೆಯಾಗಿದ್ರೂ ಬಿಡಾಕಿಲ್ಲ. ವೈದ್ಯರು ನಿಮ್ಮ ಬಿಳಿಕಣಗಳನ್ನ ಹೊರಗೆ ತೆಗೆದು, ಕೊಯ್ದ ಗಡ್ಡೆಯಾಗಿನ ತಾಯಿಕಣದ ಗುರುತು ಕಲಿಸಿ, ಮತ್ತೆ ನೆತ್ತರಿಗೇ ಬಿಡ್ಲಿ.”

“ಸುಳ್ಳಾದರೆ?” ಎಂದ ರಾಜ.

“ತಲೆ ಇಲ್ಲೇ ಅದೆ, ಬುದ್ಧಿ.”

ವೈದ್ಯರು ಹಾಗೆಯೇ ಮಾಡಿದರು. ಕಲಿತ ಕಣಗಳು ಮೈಸೇರಿದ ವಾರ ಪದ್ಮಲೆಗೆ ಕೆಂಡದಂಥ ಜ್ವರ. ಚಿಕ್ಕೀರ ಅನ್ನ ಮುಟ್ಟಲಿಲ್ಲ. ಜ್ವರ ಇಳಿಯಿತು, ಗಡ್ಡೆ ಕರಗಿತು. ವರ್ಷ ಕಳೆದರೂ ಮರಳಲಿಲ್ಲ.

“ಏನು ಬೇಕೋ ಕೇಳು,” ಎಂದ ರಾಜ.

“ಸೆರೆಯಾಗಿರೋ ಆ ಇಬ್ಬರ ತಲೆ ಕೊಡಿ, ಬುದ್ಧಿ. ಅವರ ಕತ್ತಿನ ಮೇಲೇ ಇರ್ಲಿ.”

ರಾಜ ನಕ್ಕು ಅವರನ್ನು ಬಿಡಿಸಿದ. ಚಿಕ್ಕೀರನಿಗೆ ಹೊಲವನ್ನೂ ಕೊಟ್ಟ. ಮರುದಿನ ನಾಯಿದೊಡ್ಡಿಯ ಬಾಗಿಲಲ್ಲಿ ಪದ್ಮಲೆ ನಿಂತಿದ್ದಳು. ನಾಯಿಗಳು ಬಾಲ ಆಡಿಸುತ್ತ ಮುತ್ತಿಕೊಂಡವು.

“ನಿನಗಾಗಿ ಏನೂ ಕೇಳಿಕೊಳ್ಳಲಿಲ್ಲವಲ್ಲೋ?”

“ಕೇಳ್ಕಂಡಿದ್ದು ಬಾಗಿಲಿಗೇ ನಡಕಂಡು ಬಂತಲ್ಲ, ತಾಯೀ,” ಎಂದ ಚಿಕ್ಕೀರ.