ಎರಡೆಲೆಯ ಮನೆ

ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಗೆ ಗೂಡು ನೇಯ್ದಿದ್ದ ಗೀಜಗ, ತೋಟದ ಅಂಜೂರದ ಗಿಡಕ್ಕೆ ಬಂದು ಸಿಂಪಿಗ ಹಕ್ಕಿಯನ್ನು ಕೇಳಿತು: "ನನ್ನ ಮನೆ ನೋಡಲು ಊರಿಗೆ ಊರೇ ಬಾವಿಕಟ್ಟೆಗೆ ಬರುತ್ತದೆ. ನಿನ್ನ ಮನೆಯೆಲ್ಲಿ?"

"ನೀನು ಅದರ ಮುಂದೆಯೇ ಕೂತಿದ್ದೀಯೆ."

ಗೀಜಗ ಹುಡುಕಿ ಹುಡುಕಿ, ಕೊನೆಗೆ ನಾರಿನಿಂದ ಅಂಚು ಹೊಲಿದ ಎರಡು ಎಲೆಗಳನ್ನು ಕಂಡು ಜೋರಾಗಿ ನಕ್ಕಿತು. "ಇಷ್ಟೇನಾ?"

"ಇಷ್ಟೇ. ಎಲೆಯನ್ನು ಗಿಡದಿಂದ ಕಿತ್ತಿಲ್ಲ, ಹಾಗಾಗಿ ನನ್ನ ಗೋಡೆ ಇನ್ನೂ ಬೆಳೆಯುತ್ತಿದೆ. ಬಿಸಿಲು ಬಿದ್ದರೆ ಒಳಗಿನ ಮೊಟ್ಟೆಗಳೂ ಹಸಿರಾಗಿ ಕಾಣುತ್ತವೆ."

ಗೀಜಗದ ನಗು ಕೇಳಿ ಕಾಗೆಯೊಂದು ಬಂತು. ಗಿಡದ ಮೇಲೆಲ್ಲ ಕಣ್ಣಾಡಿಸಿತು. "ಇಲ್ಲೇನಿದೆ, ಬರೀ ಸೊಪ್ಪು" ಎಂದು ಗೊಣಗಿ ಬಾವಿಯ ಕಡೆ ಹಾರಿತು. ಅಲ್ಲಿ ಹುಡುಕುವ ಕಷ್ಟವೇ ಇರಲಿಲ್ಲ.

ಮರುದಿನ ಗೀಜಗ ಹರಿದ ಗೂಡಿನ ಎಳೆಯೊಂದನ್ನು ತಂದು ಸಿಂಪಿಗದ ಮುಂದಿಟ್ಟಿತು. "ನನ್ನ ನೇಯ್ಗೆಯಲ್ಲಿ ಏನು ಕುಂದಿತ್ತು ಹೇಳು."

ಸಿಂಪಿಗ ಎಳೆಯನ್ನು ಕೊಕ್ಕಿನಿಂದ ಎಳೆದು ನೋಡಿತು. "ನೇಯ್ಗೆ ಗಟ್ಟಿಯಾಗಿಯೇ ಇದೆ. ಊರೆಲ್ಲ ನೋಡಲಿ ಎಂದು ನೀನು ಕಟ್ಟಿದೆ. ಕಾಗೆಯೂ ಊರಿನದೇ ತಾನೇ?"