ದುಂಡಪ್ಪನ ಹರದಾರಿ

ಬಹಳ ಹಿಂದೆ, ಬಸ್ಸೂ ಇಲ್ಲದ, ಗಡಿಯಾರವೂ ಇಲ್ಲದ ಕಾಲಕ್ಕೆ, ಒಂದೂರಲ್ಲಿ ದುಂಡಪ್ಪ ಅಂತ ಒಬ್ಬನಿದ್ದ. ಯಾವ ಊರು ಅಂತ ನನ್ನನ್ನು ಕೇಳಬೇಡಿ. ಕೃಷ್ಣೆಯ ದಂಡೆಯ ಮೂರು ಊರಿನವರು ಅವನು ನಮ್ಮವನೇ ಅಂತಾರೆ, ಇಲ್ಲ ಅಂದರೆ ಜಗಳಕ್ಕೆ ಬರುತ್ತಾರೆ. ಶ್ರೀಶೈಲದ ಮಲ್ಲಯ್ಯನಿಗೆ ನಡೆದು ಹೋಗುವ ಜನಕ್ಕೆ ದಾರಿ ತೋರಿಸುವುದು ಅವನ ಕೆಲಸ. ಹೋಗುವುದಕ್ಕೇ ಹದಿನೈದು ದಿನ. ಯಾವ ಹಳ್ಳದಲ್ಲಿ ಉಸುಕು ತೋಡಿದರೆ ನೀರು ಬರುತ್ತದೆ, ಯಾವ ಊರಿನ ಗೌಡ ಅಂಬಲಿ ಕೊಡುತ್ತಾನೆ, ಯಾವ ಗೌಡ ನಾಯಿ ಬಿಡುತ್ತಾನೆ, ಎಲ್ಲ ಅವನಿಗೆ ಬಾಯಿಪಾಠವಾಗಿತ್ತು ಅಂತಾರೆ.

ಅವನದೊಂದು ಪದ್ಧತಿ ಇತ್ತು. ದೂರವನ್ನು ಎಂದೂ ಇದ್ದಷ್ಟು ಹೇಳುತ್ತಿರಲಿಲ್ಲ. ಯಾರು ಕೇಳಲಿ, ಎಲ್ಲಿ ಕೇಳಲಿ, ಇನ್ನೊಂದೇ ಹರದಾರಿ ಅನ್ನುತ್ತಿದ್ದ. ಆ ಮೂರು ಮೈಲಿಯ ಹರದಾರಿ ಮುಗಿಸಿ ಕೇಳಿದರೆ ಮತ್ತೂ ಒಂದೇ ಹರದಾರಿ. ಹೀಗೆ ಹೇಳಿ ಹೇಳಿಯೇ ಕುಂಟರನ್ನು, ಎಂಬತ್ತು ದಾಟಿದ ಮುದುಕಿಯರನ್ನು ಮಲ್ಲಯ್ಯನ ಬಾಗಿಲಿಗೆ ಮುಟ್ಟಿಸಿದ ಅಂತಾರೆ. ಜನರೇನು ದಡ್ಡರೇ? ಎರಡನೇ ದಿನಕ್ಕೇ ಗುಟ್ಟು ತಿಳಿಯುತ್ತಿತ್ತು. ಒಂದು ವರ್ಷ ಅವನ ಗುಂಪಿನಲ್ಲಿದ್ದ ತಂಗೆವ್ವ ಅಂತ ಒಬ್ಬ ಬಾಯಿ ಜೋರಿನ ಹೆಣ್ಣುಮಗಳು, "ಮಾವಾ, ನಿನ್ನ ಹರದಾರಿ ದಾರಿಯಾಗ ಮರಿ ಹಾಕ್ತದ ನೋಡು. ಒಂದಿದ್ದದ್ದು ನಾಕ ಆಗ್ತದ," ಅಂದಳಂತೆ. ಅವನೂ ನಕ್ಕನಂತೆ. ಅವನು ಒಂದು ಅಂದರೆ ನಾಲ್ಕು ಅಂತ ತಿಳಿದುಕೊಂಡು ಎಲ್ಲರೂ ನಗುತ್ತ, ಬೈಯುತ್ತ ನಡೆದರು.

ಆ ವರ್ಷ ಕಾಡಿನ ನೀರು ಬೇಗ ಬತ್ತಿತ್ತು. ಮೊದಲ ಹೊಂಡದಲ್ಲಿ ಕೆಸರು, ಎರಡನೆಯದರಲ್ಲಿ ಬರೀ ಬಿರುಕು, ಮೂರನೆಯದರಲ್ಲಿ ಸತ್ತ ಜಿಂಕೆ. ನೀರಿನ ಸೋರೆಬುರುಡೆಗಳು ಬರಿದಾದವು. ತನ್ನ ಪಾಲಿನ ನೀರನ್ನು ದುಂಡಪ್ಪ ಎರಡು ದಿನದಿಂದ ಬೇರೆಯವರ ಬಾಯಿಗೇ ಬಿಡುತ್ತಿದ್ದ ಅಂತಾರೆ. ನಡುಮಧ್ಯಾಹ್ನ ನಲವತ್ತು ಜನ ಒಂದು ಬಂಡೆಯ ನೆರಳಿಗೆ ಕೂತರು. ಕೂತವರು ಏಳಲಿಲ್ಲ. ತಂಗೆವ್ವನ ಅಣ್ಣ ಮುಖದ ಮೇಲೆ ವಸ್ತ್ರ ಎಳೆದುಕೊಂಡು ಮಲಗಿದವನು ಮತ್ತೆ ವಸ್ತ್ರ ತೆಗೆಯಲೇ ಇಲ್ಲ.

ಮುಂದಿನ ದಿಬ್ಬದ ಹಿಂದೆ, ಕಲ್ಲಿನ ಸಂದಿಯಲ್ಲಿ, ಎಂದೂ ಬತ್ತದ ಒಂದು ಒರತೆ ಇತ್ತು. ಅರ್ಧ ಹರದಾರಿ, ಅಷ್ಟೇ. ದುಂಡಪ್ಪ ಹಾಗೇ ಹೇಳಿದ. ಯಾರೂ ಮಿಸುಕಲಿಲ್ಲ. ಅರ್ಧ ಅಂದರೆ ಎರಡು ಅಂತ ಅವರ ಲೆಕ್ಕ. ಎರಡು ಹರದಾರಿ ನಡೆದು ಬಿಸಿಲಲ್ಲಿ ಸಾಯುವುದಕ್ಕಿಂತ ಇಲ್ಲೇ ನೆರಳಲ್ಲಿ ಸಾಯೋಣ ಅಂದರಂತೆ. ಹರೆಯದವರೂ ತಲೆ ಎತ್ತಲಿಲ್ಲ. ಅವನು ಮಲ್ಲಯ್ಯನ ಆಣೆ ಇಟ್ಟ. ಒಬ್ಬೊಬ್ಬರ ಕಾಲು ಹಿಡಿದ. ಈ ಸಲ ಖರೇ ಅಂದ.

ತಂಗೆವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಕೇಳಿದಳು:

"ಹಂಗಾರ ಇಷ್ಟು ದಿನ ಹೇಳಿದ್ದು ಏನು, ಮಾವಾ?"

ದುಂಡಪ್ಪ ಕಂಬಳಿ, ಕೋಲು ಅಲ್ಲೇ ಬಿಟ್ಟು ಹೋದ. ಎಪ್ಪತ್ತು ದಾಟಿದ ಮುದುಕ ಆ ಕಲ್ಲುಗಳ ಮೇಲೆ ಓಡಿದ ಅಂತಾರೆ. ತಿರುಗಿ ಬಂದಾಗ ತಲೆಯ ರುಮಾಲು ಕೈಯಲ್ಲಿತ್ತು. ಒರತೆಯಲ್ಲಿ ಅದ್ದಿ ತಂದಿದ್ದ. ತಂಗೆವ್ವನ ಮುಂದೆ ಹಿಡಿದು ಹಿಂಡಿದ. ನೀರು ಧಾರೆಯಾಗಿ ಸುರಿಯಿತು. ಎರಡು ಹರದಾರಿಯಿಂದ ತಂದಿದ್ದರೆ ಆ ಬಿಸಿಲಿಗೆ ಅದು ಹಪ್ಪಳವಾಗಿರಬೇಕಿತ್ತು. ಅಷ್ಟು ಲೆಕ್ಕ ಯಾರಿಗಾದರೂ ಬರುತ್ತದೆ. ಒಬ್ಬೊಬ್ಬರಾಗಿ ಎದ್ದರು.

ಅವನು ಮಾತ್ರ ಬಂಡೆಗೆ ಒರಗಿ ಕೂತ. "ನೀವು ನಡೀರಿ, ನಾ ಬೆನ್ನಾಗ ಬಂದೆ," ಅಂದ. ಅದೊಂದು ಮಾತನ್ನು ಮಾತ್ರ ಎಲ್ಲರೂ ಹೇಳಿದ ಹಾಗೇ ನಂಬಿದರು.

ತಂಗೆವ್ವ ಬುರುಡೆ ತುಂಬಿಕೊಂಡು ಹಿಂದಕ್ಕೆ ಬಂದಳು. ದುಂಡಪ್ಪನ ಬಾಯಿಗೆ ಹನಿಸಿದಳು. ನೀರು ಗಡ್ಡದ ಮೇಲೆ ಇಳಿದುಹೋಯಿತು.

ಈಗ ಆ ದಾರಿಯಲ್ಲಿ ಟ್ಯಾಂಕರ್ ನಿಲ್ಲುತ್ತದೆ, ಮಜ್ಜಿಗೆ ಹಂಚುತ್ತಾರೆ. ಆದರೂ ನಮ್ಮ ಕಡೆಯ ಗುಂಪಿನಲ್ಲಿ ಮೊದಲು ನೀರು ಮುಟ್ಟಿದವರು ಹೆಗಲ ವಸ್ತ್ರ ಅದ್ದಿಕೊಂಡು ಹಿಂದಕ್ಕೆ ನಡೆಯುತ್ತಾರೆ, ಎಲ್ಲರಿಗಿಂತ ಹಿಂದೆ ಬರುವವರ ತನಕ. ಇನ್ನೆಷ್ಟು ದೂರ ಅಂತ ಕೇಳಿದರೆ ಯಾರೂ ಬಾಯಿಂದ ಹೇಳುವುದಿಲ್ಲ. ವಸ್ತ್ರ ಹಿಂಡಿ ತೋರಿಸುತ್ತಾರೆ.